ಬಾಯಿಲ್ಲದ ಹಾರ್ಮೋನಿಯಂ

ಮನೆಗೆ ಹೊಸ ವಾದ್ಯ ಬಂತು ಅಂದುಕೊಂಡು ಅಮ್ಮ ಅರಿಶಿನ ಕುಂಕುಮದ ಬಟ್ಟಲು ಹಿಡಿದೇ ಬಂದಳು. ಮೇಜಿನ ಮೇಲಿದ್ದದ್ದು ಹಳೇ ಚಪ್ಪಲಿ ಡಬ್ಬ. ಅದಕ್ಕೆ ತೂತು ಕೊರೆದು ಎಂಟು ಗುಂಡಿ ಕೂರಿಸಿದ್ದೆ. ಒಳಗೆ ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದ ಆರ್ಡುಯಿನೊ ಲಿಯೊನಾರ್ಡೊ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡು. ಮನೆಯಲ್ಲೇ ಬಿದ್ದಿದ್ದ ಊನೊ ಬೋರ್ಡು ಈ ಕೆಲಸಕ್ಕೆ ಒಗ್ಗುವುದಿಲ್ಲ. ಅದರ ಮುಖ್ಯ ಚಿಪ್ಪಿಗೆ ಯುಎಸ್‌ಬಿ ಬಾರದು, ಪಕ್ಕದ ಇನ್ನೊಂದು ಚಿಪ್ಪು ದುಭಾಷಿಯಾಗಬೇಕು. ಲಿಯೊನಾರ್ಡೊದಲ್ಲಿರುವ ಎಟಿಮೆಗಾ32ಯು4 ಚಿಪ್ಪು ಹಾಗಲ್ಲ. ‘ನಾನೊಂದು ಮಿಡಿ ಕೀಬೋರ್ಡು’ ಅಂತ ಕಂಪ್ಯೂಟರಿಗೆ ತನ್ನ ಪರಿಚಯ ತಾನೇ ಹೇಳಿಕೊಳ್ಳುತ್ತದೆ. ಮಿಡಿ ಅಂದರೆ ವಾದ್ಯಗಳೂ ಕಂಪ್ಯೂಟರೂ ಮಾತಾಡಿಕೊಳ್ಳುವ ಭಾಷೆ.

ಅಮ್ಮ ಡಬ್ಬಕ್ಕೆ ಕುಂಕುಮ ಇಟ್ಟು ಗುಂಡಿ ಒತ್ತಿದಳು. ಸದ್ದಿಲ್ಲ.

“ಕೆಟ್ಟೋಗಿದೆ ಕಣೋ.”

“ಇದು ಸದ್ದು ಮಾಡಲ್ಲಮ್ಮ. ಯಾವ ಸ್ವರ ಒತ್ತಿದ್ರು, ಎಷ್ಟು ಜೋರಾಗಿ ನುಡೀಬೇಕು ಅಂತ ಮೂರು ಬೈಟ್‌ನಲ್ಲಿ ಲ್ಯಾಪ್‌ಟಾಪಿಗೆ ಹೇಳತ್ತೆ. ಹಾಡೋದು ಲ್ಯಾಪ್‌ಟಾಪು.”

“ಅಂದ್ರೆ, ಇದು ಚಾಡಿ ಹೇಳತ್ತೆ.”

1983ರಲ್ಲಿ ಬಂದ ಮಿಡಿ ಪದ್ಧತಿಯನ್ನು ಇಷ್ಟು ಚಿಕ್ಕದಾಗಿ ವಿವರಿಸಿದವರನ್ನು ನಾನಂತೂ ಕಂಡಿಲ್ಲ.

ಕೇಬಲ್ ಸಿಕ್ಕಿಸಿದೆ. ಕಾಫಿಗೆಂದು ಬಂದಿದ್ದ ಸೋದರಮಾವ ಒಂದು ಸಲ ‘ಸ’ ಒತ್ತಿದರೆ ಲ್ಯಾಪ್‌ಟಾಪು ‘ಸಸಸ’ ಅಂತ ತೊದಲಿತು. ಗುಂಡಿಯೊಳಗಿನ ಲೋಹದ ಪಟ್ಟಿ ತಾಗುವಾಗ ಕೆಲವು ಮಿಲಿಸೆಕೆಂಡು ಪುಟಿಯುತ್ತದೆ. ಬೆರಳಿಗೆ ತಿಳಿಯದ ಈ ಕುಣಿತ 16 ಮೆಗಾಹರ್ಟ್ಸಿನ ಚಿಪ್ಪಿನ ಕಣ್ಣು ತಪ್ಪಿಸೀತೇ? “ದೇವರಾಣೆ ಒಂದೇ ಸಲ ಒತ್ತಿದ್ದು!” ಅಂದರು ಮಾವ. ಒಮ್ಮೆ ತಾಗಿದ ಮೇಲೆ 20 ಮಿಲಿಸೆಕೆಂಡು ಏನೂ ಕಾಣದವನ ಹಾಗಿರು ಅಂತ ಪ್ರೋಗ್ರಾಮಿನಲ್ಲಿ ಬರೆದೆ. ಮಾವನ ಮಾನ ಉಳಿಯಿತು.

ಅದೇ ಖುಷಿಯಲ್ಲಿ ಅವರು ‘ಸ’ ಒತ್ತಿ ಹಿಡಿದು ಕೂತರು. ಲೋಟ ಎತ್ತಿಕೊಳ್ಳಲು ಬಂದ ಅಮ್ಮನ ಕಾಲಿಗೆ ಕೇಬಲ್ ತೊಡರಿ ಕಿತ್ತು ಬಂತು. ಲ್ಯಾಪ್‌ಟಾಪಿನ ಹಾರ್ಮೋನಿಯಂ ಮಾತ್ರ ನಿಲ್ಲಲೊಲ್ಲದು. ಮಾವ ಗಾಬರಿಯಲ್ಲಿ ಎರಡೂ ಕೈ ಮೇಲೆತ್ತಿದರು, ಪೊಲೀಸರು ಬಂದವರಂತೆ. ಬೆರಳು ಎತ್ತಿದಾಗ ‘ಈ ಸ್ವರ ನಿಲ್ಲಿಸು’ ಅನ್ನುವ ಬೇರೆ ಸಂದೇಶ ಹೋಗಬೇಕು. ಅದು ಹೋಗುವ ದಾರಿಯೇ ನೆಲದ ಮೇಲೆ ಬಿದ್ದಿತ್ತು.

“ವೈರ್ ಹಾಕೋ ಮುಂಚೆ ಬಾಯಿ ಬಿಡಲಿಲ್ಲ, ಕಿತ್ತ ಮೇಲೆ ಬಾಯಿ ಮುಚ್ತಿಲ್ಲ. ಎಂಥ ವಾದ್ಯವಯ್ಯಾ!” ಅಂದರು ಮಾವ.

ನಾನು ಲ್ಯಾಪ್‌ಟಾಪಿನ ಕಡೆ ಓಡಿದೆ. ಅಮ್ಮ ತಡೆದಳು. “ಇರೋ, ಶ್ರುತಿ ಚೆನ್ನಾಗಿ ನಿಂತಿದೆ. ಆದ್ರೆ ಇದು ಒಂದು ಮನೆ. ನಂಗೆ ಐದು ಬೇಕು.”

ಮನೆ ಅಂದರೆ ಶ್ರುತಿಯ ಮಟ್ಟ. ಪ್ರೋಗ್ರಾಮಿನಲ್ಲಿ ‘ಸ’ದ ಮಿಡಿ ಸಂಖ್ಯೆ 60 ಇದ್ದ ಕಡೆ 55 ಬರೆದೆ. ಐದು ಮನೆ ಬಂತು. ಒಮ್ಮೆ ಒತ್ತಿದರೆ ಶುರು, ಮತ್ತೆ ಒತ್ತಿದರೆ ಬಂದ್ ಆಗುವಂತೆಯೂ ಮಾಡಿಕೊಟ್ಟೆ. ಅಮ್ಮನಿಗೆ ಅದರಲ್ಲಿ ನಂಬಿಕೆಯಿಲ್ಲ. ಸಂಜೆ ದೀಪ ಹಚ್ಚಿ, ಗುಂಡಿ ಒತ್ತಿ, ಕೇಬಲ್ ಕಿತ್ತು ಪಕ್ಕಕ್ಕಿಟ್ಟೇ ದೇವರನಾಮಕ್ಕೆ ಕೂರುತ್ತಾಳೆ. ಮಿಕ್ಕ ಏಳು ಗುಂಡಿ ಯಾತಕ್ಕೆ ಅಂತ ಕೇಳುತ್ತಿರುತ್ತಾಳೆ.