ಸ್ವಲ್ಪ ಈ ಕಡೆ ನೋಡೋ ಭೀಮ

ಇನ್ನೊಂದು ವಿಡಿಯೋ ಬಂದಿದೆ. ನೀವೂ ನೋಡಿರುತ್ತೀರಿ ಬಿಡಿ. ಕಾಫಿ ತೋಟದ ಬೇಲಿ, ಟಾರು ರಸ್ತೆ, ರಸ್ತೆಗೆ ಅಡ್ಡವಾಗಿ ಕಾಡಾನೆ. ಈ ಕಡೆ ಐದಾರು ಕಾರು, ಒಂದಷ್ಟು ಬೈಕು. ಅದರಲ್ಲೊಬ್ಬ ವೀರ ಫೋನ್ ಎತ್ತಿಕೊಂಡು ಆನೆ ಕಡೆಗೇ ನಡೆಯುತ್ತಾನೆ. ಹಿಂದಿನಿಂದ ಗೆಳೆಯರು "ಲೇ, ಸಾಕು ಬಾರೋ" ಎಂದು ಕೂಗುತ್ತಾರೆ. ಕೂಗುವವರಲ್ಲಿ ಒಬ್ಬನೂ ತನ್ನ ಫೋನ್ ಕೆಳಗಿಳಿಸುವುದಿಲ್ಲ. ಗೆಳೆಯ ಬದುಕಿದರೆ ಒಂದು ಥರದ ವಿಡಿಯೋ, ಬದುಕದಿದ್ದರೆ ಇನ್ನೊಂದು ಥರದ್ದು. ಎರಡಕ್ಕೂ ಗಿರಾಕಿ ಇದ್ದಾರೆ.

ಸಕಲೇಶಪುರ, ಆಲೂರು, ಬೇಲೂರು ಕಡೆಯವರಿಗೆ ಆನೆ ಹೊಸದಲ್ಲ. ಪೇಪರ್ ಹುಡುಗನಿಗಿಂತ ಮೊದಲು ಗೇಟಿಗೆ ಬಂದು ಹೋಗಿರುತ್ತದೆ. ಇಲ್ಲಿಯವರು ಆನೆ ಕಂಡರೆ ಗಾಡಿ ತಿರುಗಿಸಿಕೊಂಡು ಬೇರೆ ದಾರಿ ಹಿಡಿಯುತ್ತಾರೆ. ಅಥವಾ ಅದು ಹೋಗುವ ತನಕ ಯಾರದ್ದಾದರೂ ಮನೆ ಜಗಲಿಯಲ್ಲಿ ಕಾಫಿ ಕುಡಿಯುತ್ತಾರೆ. ಪಾಪ, ಫೋಟೋಗ್ರಫಿಯ ಗಂಧಗಾಳಿ ಇಲ್ಲದ ಜನ.

ಆ ವೀರನನ್ನು ಸುಮ್ನೆ ಬೈಯಬೇಡಿ. ತಪ್ಪು ಅವನದ್ದಲ್ಲ, ಲೆನ್ಸಿನದ್ದು. ಫೋನಿನ ಮಾಮೂಲಿ ಕ್ಯಾಮೆರಾದಲ್ಲಿ ಇರುವುದು ವೈಡ್ ಲೆನ್ಸು. ಮದುವೆ ಮನೆಯ ಗ್ರೂಪ್ ಫೋಟೋಗೆ ಅದು ಲಾಯಕ್ಕು, ಸೋದರತ್ತೆಯ ಗಂಡನ ತನಕ ಎಲ್ಲರೂ ಹಿಡಿಸುತ್ತಾರೆ. ಆದರೆ ದೂರ ಇರುವುದನ್ನು ಅದು ಇನ್ನೂ ದೂರ ಮಾಡಿ ತೋರಿಸುತ್ತದೆ. ಎದುರಿಗೆ ನಾಲ್ಕು ಟನ್ನಿನ ಸಲಗ ಉಸಿರು ಬಿಡುತ್ತಿದ್ದರೂ ಪರದೆಯಲ್ಲಿ ಕಾಣುವುದು ಸಿಲ್ವರ್ ಮರದ ಬುಡದಲ್ಲೊಂದು ಕಪ್ಪು ಚುಕ್ಕೆ. ಬೆರಳಲ್ಲಿ ಎಳೆದು ದೊಡ್ಡದು ಮಾಡಿದರೆ ಚಿತ್ರ ಕಲಸಿಹೋಗುತ್ತದೆ. ಸರಿ, ಕಾಲಲ್ಲೇ ಝೂಮ್ ಮಾಡೋಣ ಅಂತ ಹೊರಡುತ್ತಾನೆ. ಕಾಡಿನಲ್ಲಿ ಫೋಟೋ ತೆಗೆಯುವವರು ಮೊಳದುದ್ದದ ಲೆನ್ಸ್ ಹೊತ್ತು ತಿರುಗುವುದು ಶೋಕಿಗಲ್ಲ ಮಾರಾಯರೇ, ದೂರದಲ್ಲೇ ನಿಲ್ಲಲಿಕ್ಕೆ.

ಇನ್ನೊಂದು ತೊಂದರೆ ಇದೆ. ಆನೆ ತಲೆ ಎತ್ತಿ, ಕಿವಿ ಅಗಲಿಸಿ, ಬಾಲ ಸೆಟೆಸಿ ನಿಂತಿತು ಅಂದರೆ ಅದರ ತಾಳ್ಮೆ ಮುಗಿಯಿತು ಎಂದು ಅರ್ಥ. ದುರದೃಷ್ಟಕ್ಕೆ ಫೋಟೋಗೆ ಅದಕ್ಕಿಂತ ಒಳ್ಳೆಯ ಭಂಗಿ ಇಲ್ಲ.

2025ರ ಆಗಸ್ಟ್‌ನಲ್ಲಿ ಬಂಡೀಪುರದಲ್ಲಿ ಒಬ್ಬರು ಹೀಗೇ ಹೋಗಿ, ಆನೆ ಅಟ್ಟಿಸಿಕೊಂಡು ಬಂದು, ಬಿದ್ದು, ಬಟ್ಟೆ ಕಳಚಿ, ಅದೃಷ್ಟಕ್ಕೆ ಜೀವ ಉಳಿಸಿಕೊಂಡರಲ್ಲ. 25 ಸಾವಿರ ರೂಪಾಯಿ ದಂಡ ಹಾಕಿದರು. ಸರಿ. ಜೊತೆಗೆ ತಪ್ಪೊಪ್ಪಿಗೆಯ ವಿಡಿಯೋ ಒಂದನ್ನು ಮಾಡಿಸಿದರು. ವಿಡಿಯೋ ಹುಚ್ಚಿಗೆ ವಿಡಿಯೋ ಶಿಕ್ಷೆ! ಕುಡಿದು ಗಾಡಿ ಓಡಿಸಿದವನಿಗೆ ಇನ್ನೊಂದು ಕ್ವಾರ್ಟರ್ ಕುಡಿಯುವ ಶಿಕ್ಷೆ ಇನ್ನೂ ಜಾರಿಗೆ ಬಂದಿಲ್ಲ, ಕಾದು ನೋಡೋಣ.

ಈ ವಿಷಯದಲ್ಲಿ ಚಿಕ್ಕಮಗಳೂರು ಪೊಲೀಸರದ್ದು ಹಳ್ಳಿ ಬುದ್ಧಿ. 2024ರ ಮಳೆಗಾಲದಲ್ಲಿ ಚಾರ್ಮಾಡಿ ಘಾಟಿಯ ಝರಿಯಲ್ಲಿ, ಜಾರುವ ಬಂಡೆ ಮೇಲೆ ಕುಣಿಯುತ್ತಿದ್ದವರ ಬಟ್ಟೆಯನ್ನೇ ಎತ್ತಿಕೊಂಡು ಬಂದುಬಿಟ್ಟರು. ಕೃಷ್ಣ ಪರಮಾತ್ಮನ ನಂತರ ಈ ಕೆಲಸಕ್ಕೆ ಇಷ್ಟು ಹೆಸರು ಬಂದದ್ದು ಅವರಿಗೇ ಇರಬೇಕು. ದಂಡ ಕಟ್ಟಿ ಮೀಸೆ ತಿರುವುವ ಜನ ಒದ್ದೆ ಚಡ್ಡಿಯಲ್ಲಿ ರಸ್ತೆಗೆ ಬಂದು "ಸಾರ್, ಪ್ಲೀಸ್ ಸಾರ್" ಎಂದು ಬೇಡಿಕೊಂಡರು. ಅದನ್ನೂ ಯಾರೋ ವಿಡಿಯೋ ಮಾಡಿದರು ಅನ್ನಿ.

ಮುಳ್ಳಯ್ಯನಗಿರಿಯದ್ದು ಬೇರೆಯೇ ಕಥೆ. ಕರ್ನಾಟಕದ ಅತಿ ಎತ್ತರದ ಶಿಖರ. ರಜೆ ಬಂದರೆ ಕಾರುಗಳ ಸಾಲು ಬೆಟ್ಟ ಸುತ್ತಿಕೊಂಡಿರುತ್ತದೆ. ಗಂಟೆಗಟ್ಟಲೆ ಟ್ರಾಫಿಕ್‌ನಲ್ಲಿ ಕೂತು, ಮೆಟ್ಟಿಲು ಹತ್ತಿ, ಮೇಲೆ ಹೋದರೆ ಮಳೆಗಾಲದಲ್ಲಿ ಕಾಣುವುದೇನು? ಮಂಜು. ಎಲ್ಲರೂ ಮಂಜಿನ ಫೋಟೋ ತೆಗೆಯುತ್ತಾರೆ. ಬಿಳೀ ಗೋಡೆ ಮುಂದೆ ನಿಂತು ತೆಗೆಸಿಕೊಂಡರೂ ಅದೇ ಫೋಟೋ ಬರುತ್ತಿತ್ತು, ಪೆಟ್ರೋಲ್ ಉಳಿಯುತ್ತಿತ್ತು. ಆದರೆ ಮನೆ ಗೋಡೆಗೆ ಲೊಕೇಶನ್ ಹಾಕೋಕೆ ಆಗಲ್ಲ ಅಲ್ವಾ?

ಹೋಮ್‌ಸ್ಟೇಗೆ ಬಂದವರದ್ದು ಇನ್ನೂ ಸೂಕ್ಷ್ಮ ಅಭಿರುಚಿ. ಅವರಿಗೆ ಸಹಜ ಜೀವನ ಬೇಕು. ಕ್ಯಾಂಡಿಡ್. ತೋಟದಲ್ಲಿ ಕಾಫಿ ಹಣ್ಣು ಕುಯ್ಯುತ್ತಿರುವ ಅಜ್ಜಿಯನ್ನು ಹಿಡಿಯುತ್ತಾರೆ. "ಅಜ್ಜಿ, ಇನ್ನೊಂದ್ಸಲ ಆ ಚೀಲಕ್ಕೆ ಹಣ್ಣು ಹಾಕಿ. ನಮ್ಮ ಕಡೆ ನೋಡ್ಬೇಡಿ. ನಾವು ಇಲ್ಲಿ ಇಲ್ಲವೇ ಇಲ್ಲ ಅಂದ್ಕೊಳ್ಳಿ." ಅಜ್ಜಿ ಹಾಕುತ್ತಾಳೆ. "ಸ್ವಲ್ಪ ನಿಧಾನ ಅಜ್ಜಿ. ಆ ಸ್ವೆಟರ್ ತೆಗೀತೀರಾ? ಸೀರೆ ಕಾಣ್ಲಿ." ಡಿಸೆಂಬರ್ ಚಳಿ. ಹಣ್ಣು ಕುಯ್ಯುವುದು ಎಷ್ಟೋ ತೋಟಗಳಲ್ಲಿ ಕೆಜಿ ಲೆಕ್ಕ. ಇವರ ಸಹಜತೆ ಸರಿಬರುವಷ್ಟರಲ್ಲಿ ಅಜ್ಜಿಯ ಸಂಜೆಯ ತೂಕ ಒಂದೆರಡು ಕೆಜಿ ಕಡಿಮೆ. ಆ ದುಡ್ಡು ಯಾರು ಕೊಡುತ್ತಾರೆ? ಯಾರೂ ಇಲ್ಲ. "ಬ್ಯೂಟಿಫುಲ್ ಅಜ್ಜಿ" ಎಂದು ಹೇಳಿ ತಿಂಡಿಗೆ ಹೋಗುತ್ತಾರೆ. ಅಕ್ಕಿ ರೊಟ್ಟಿ, ಕೆಸುವಿನ ಪತ್ರೊಡೆ. ಮೊದಲು ಫೋಟೋ, ಆಮೇಲೆ ಬಾಯಿಗೆ. ಅಷ್ಟರಲ್ಲಿ ರೊಟ್ಟಿ ತಣ್ಣಗಾಗಿ ಚರ್ಮವಾಗಿರುತ್ತದೆ.

ಪ್ರವಾಸಿಗರನ್ನು ಬೈದು ಸುಖವಿಲ್ಲ. ಅವರಿಗೆ ದಾರಿ ತೋರಿಸಿದ್ದೇ ಸರ್ಕಾರ. ನಮ್ಮ ದೇಶದಲ್ಲಿ ಅತಿ ಹೆಚ್ಚು ಫೋಟೋ ಕೇಳುವವರು ಪ್ರೇಮಿಗಳಲ್ಲ, ಇಲಾಖೆಗಳು. ಶೌಚಾಲಯ ಕಟ್ಟಿದರೆ ಅದರ ಮುಂದೆ ನಿಂತು ಫೋಟೋ. ಹೊಲದಲ್ಲಿ ಜೋಳ ಇದೆ ಎನ್ನಲು ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಫೋಟೋ. ನರೇಗಾ ಕೂಲಿಯವರಿಗೆ 2023ರ ಜನವರಿಯಿಂದ ಹಾಜರಾತಿಗೆ ದಿನಕ್ಕೆ ಎರಡು ಸಲ ಫೋಟೋ ಕಡ್ಡಾಯವಾಯಿತು. ಕೆರೆ ಹೂಳು ಎತ್ತಲು ಬಂದವರು ನೆಟ್‌ವರ್ಕ್ ಹುಡುಕಿಕೊಂಡು ಏರಿ ಹತ್ತಿದರು. ಕಳ್ಳತನ ನಿಂತಿತಾ? 2025ರ ಜುಲೈನಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆ ಕಳಿಸಿ ಗೋಳಾಡಿತು: ಸಂಬಂಧವೇ ಇಲ್ಲದ ಫೋಟೋ ಹಾಕುತ್ತಿದ್ದಾರೆ, ಫೋಟೋದ ಫೋಟೋ ತೆಗೆದು ಹಾಕುತ್ತಿದ್ದಾರೆ ಎಂದು. ಫೋಟೋದ ಫೋಟೋ! ಇಂಥ ಕಲೆ ನಮ್ಮಲ್ಲಿದೆ ಅಂತ ಗೊತ್ತಿದ್ದರೆ ಹೊಯ್ಸಳರು ಬೇಲೂರಿನಲ್ಲಿ ಅಷ್ಟು ವರ್ಷ ಕಲ್ಲು ಕೆತ್ತುತ್ತಲೇ ಇರಲಿಲ್ಲ.

ಇದೇ ಪದ್ಧತಿ ಆನೆ ತನಕ ಬಂದಿದೆ. ರಾತ್ರಿ ಹಿಂಡು ನುಗ್ಗಿ ಬಾಳೆ ಮುರಿದು, ಅಡಿಕೆ ಗಿಡ ತುಳಿದು, ಹಲಸಿನ ಮರ ಅಲ್ಲಾಡಿಸಿ ಹೋದರೆ ಬೆಳಿಗ್ಗೆ ರೈತ ಅಳುವ ಹಾಗಿಲ್ಲ. ಪರಿಹಾರ ಬೇಕಾದರೆ ಮೊದಲು ಫೋಟೋ ತೆಗೆಯಬೇಕು. ಜಿಪಿಎಸ್ ಇರಬೇಕು, ತಾರೀಕು ಇರಬೇಕು. "ಹೆಜ್ಜೆ ಗುರುತು ಸರಿಯಾಗಿ ಕಾಣ್ತಿಲ್ಲ, ಇನ್ನೊಂದು ತೆಗೀರಿ" ಎನ್ನುತ್ತಾರೆ. ಅಷ್ಟರಲ್ಲಿ ಮಳೆ ಬಂದು ಹೆಜ್ಜೆಯೂ ಇಲ್ಲ. ಮುಂದಿನ ಸಲ ಆನೆಯ ಹತ್ತಿರವೇ ಒಂದು ಸಹಿ ಹಾಕಿಸಿಕೊಳ್ಳಬೇಕು.

ಸಕಲೇಶಪುರ, ಆಲೂರು ಕಡೆ ತಿರುಗುವ ಭೀಮ ಎಂಬ ಕಾಡಾನೆಯ ವಿಷಯಕ್ಕೆ ಬರೋಣ. ಆ ಸಲಗನಿಗೆ ಅಭಿಮಾನಿಗಳಿದ್ದಾರೆ. ಊರ ರಸ್ತೆಯಲ್ಲಿ ಗಂಭೀರವಾಗಿ ನಡೆದು ಹೋಗುವ ಅವನ ವಿಡಿಯೋಗೆ ಮಾಸ್ ಮ್ಯೂಸಿಕ್ ಹಾಕಿ ಬಿಡುತ್ತಾರೆ. ಮಹಡಿ ಮೇಲಿಂದ "ಭೀಮಾ, ಈ ಕಡೆ ನೋಡೋ" ಎಂದು ಕರೆಯುತ್ತಾರೆ, ಸ್ವಂತ ತಮ್ಮನನ್ನು ಕರೆದ ಹಾಗೆ. ನೋಡಲು ಚಂದವೇ. ನನಗೂ ಇಷ್ಟ. ಆದರೆ 2023ರ ಆಗಸ್ಟ್ ಕೊನೆಯಲ್ಲಿ ಆಲೂರು ತಾಲ್ಲೂಕಿನಲ್ಲಿ ಇದೇ ಭೀಮನಿಗೆ ಅರಿವಳಿಕೆ ಕೊಡಲು ಹೋದ ಅರಣ್ಯ ಇಲಾಖೆಯ ಶಾರ್ಪ್‌ಶೂಟರ್ ಅವನ ದಾಳಿಗೆ ಸತ್ತರು. ಜೀವಮಾನವಿಡೀ ಆನೆ ಕೆಲಸ ಮಾಡಿದ ಮನುಷ್ಯ. ಅವರಿಗೇ ತಪ್ಪಿಸಿಕೊಳ್ಳಲು ಆಗಲಿಲ್ಲ. ಅದೇ ವರ್ಷ ಡಿಸೆಂಬರ್ 4ರಂದು ಯಸಳೂರು ಕಾಡಿನಲ್ಲಿ ಅರ್ಜುನ ಸತ್ತ. ಎಂಟು ಸಲ ಮೈಸೂರಿನ ಅಂಬಾರಿ ಹೊತ್ತವನು, ವಯಸ್ಸಾದ ಮೇಲೆ ಕಾಡಾನೆ ಹಿಡಿಯಲು ಕರೆತಂದರು, ಕಾಡಾನೆ ಜೊತೆ ಕಾದಾಡಿ ಬಿದ್ದ. ಎರಡು ದಿನ ಎಲ್ಲರ ಸ್ಟೇಟಸ್‌ನಲ್ಲೂ ಅರ್ಜುನ. ಮೂರನೇ ದಿನ ಕ್ರಿಕೆಟ್.

ನಿಜ ಹೇಳಬೇಕೆಂದರೆ ನಗೋಕೂ ಬೇಜಾರಾಗಿದೆ. ಬೆಳಿಗ್ಗೆ ವಾಟ್ಸ್ಆ್ಯಪ್‌ನಲ್ಲಿ ಇಂಥ ಊರಿನ ಹತ್ತಿರ ಆನೆ ಇದೆ, ಹುಷಾರಾಗಿರಿ ಎಂದು ಮೆಸೇಜು ಬರುತ್ತದೆ. ಕೆಲಸಕ್ಕೆ ಹೋಗುವ ಹೆಂಗಸರು ಓದುತ್ತಾರೆ, ಓದಿಯೂ ಹೋಗುತ್ತಾರೆ. ಹೋಗದಿದ್ದರೆ ಅವತ್ತಿನ ಕೂಲಿ ಇಲ್ಲ. ಯಾರಾದರೂ ಸತ್ತರೆ ಮೊದಲು ರಸ್ತೆ ತಡೆ, ಆಮೇಲೆ ಸಾಹೇಬರು, ಶಾಸಕರು, ಕ್ಯಾಮೆರಾ. ಹೆಣ ಎತ್ತುವ ಮೊದಲೇ ಚೆಕ್ಕು. "ಅಮ್ಮಾ, ಚೆಕ್ ಸ್ವಲ್ಪ ಮೇಲೆ ಹಿಡೀರಿ, ಸಾಹೇಬ್ರ ಕೈ ಕಾಣ್ತಿಲ್ಲ" ಎನ್ನುವವನಿಗೆ ಒಂದು ಬಾರಿಸುವಷ್ಟು ಸಿಟ್ಟು ಬರುತ್ತದೆ. ಅವನೇನು ಮಾಡುತ್ತಾನೆ, ಅವನದ್ದೂ ಹೊಟ್ಟೆಪಾಡು. ಆ ಹೆಂಗಸು ಚೆಕ್ ಮೇಲೆ ಹಿಡಿಯುತ್ತಾಳೆ. ಪೇಪರ್‌ನಲ್ಲಿ ಬರುತ್ತದೆ.

ಆನೆ ತಡೆಯಲು ರೈಲು ಕಂಬಿಯಲ್ಲಿ ಕಟ್ಟುವ ರೈಲ್ವೆ ಬ್ಯಾರಿಕೇಡ್ ಎಲ್ಲಿ ತನಕ ಬಂತು, ಹಿಡಿದ ಆನೆಗಳನ್ನು ಬಿಡುವ ಆನೆ ವಿಹಾರಧಾಮ ಏನಾಯಿತು ಎಂದು ಕೇಳಿದರೆ ಪ್ರಸ್ತಾವ ಸರ್ಕಾರದ ಮುಂದಿದೆ ಎನ್ನುತ್ತಾರೆ. ಇರಬಹುದು. ಆ ಪ್ರಸ್ತಾವದ ಫೋಟೋ ಯಾರ ಹತ್ತಿರವಾದರೂ ಇದ್ದರೆ ಕಳಿಸಿ. ಜಿಪಿಎಸ್ ಕಡ್ಡಾಯ. ಫೋಟೋದ ಫೋಟೋ ಆದರೂ ನಡೆಯುತ್ತದೆ.