ಪಕ್ಕದಲ್ಲಿ ಕೂತಿರೋ ಮಗು ಕಾಣಿಸ್ತಿಲ್ವಾ ನಿಮಗೆ?

ಈಗಷ್ಟೇ ಮೊಮ್ಮಗಳ ಸ್ಕೂಲಿನ ಆರ್ಟ್ ಎಕ್ಸಿಬಿಷನ್ ನೋಡ್ಕೊಂಡು ಬಂದೆ. ಮನೆಗೆ ಬಂದವಳೇ ಫೋನ್ ಹಿಡ್ಕೊಂಡು ಕೂತಿದ್ದೀನಿ, ಸಿಟ್ಟು ಆರೋದ್ರೊಳಗೆ ಬರೆದುಬಿಡ್ಬೇಕು. ಈ ವರ್ಷದ ಥೀಮು ‘ಡೈವರ್ಸಿಟಿ ಅಂಡ್ ಇನ್‌ಕ್ಲೂಷನ್’ ಅಂತೆ. ಥೀಮ್ ಕೇಳಿ ಖುಷಿಯಿಂದಲೇ ಹೋಗಿದ್ದೆ ನಾನು. ಹೋಗಿ ನೋಡಿದ್ರೆ ಕಾರಿಡಾರಿನ ಉದ್ದಕ್ಕೂ ಒಂದೇ ಚಿತ್ರ! ನಡುವೆ ಭೂಮಿ, ಸುತ್ತ ಕೈ ಕೈ ಹಿಡ್ಕೊಂಡು ನಿಂತ ಮಕ್ಕಳು, ಒಬ್ಬನಿಗೆ ಬಿಳಿ ಟೋಪಿ, ಒಬ್ಬನಿಗೆ ಪೇಟ, ಒಬ್ಬಳ ಕೊರಳಲ್ಲಿ ಶಿಲುಬೆ, ಇನ್ನೊಬ್ಬಳಿಗೆ ಲಂಗ-ದಾವಣಿ, ಹಣೆಗೆ ಕುಂಕುಮ, ಮೂಲೆಯಲ್ಲಿ ವೀಲ್‌ಚೇರ್ ಮೇಲೆ ಒಂದು ಮಗು, ಮೇಲೆ ಕಾಮನಬಿಲ್ಲು. ಮೂರನೇ ಕ್ಲಾಸಿನವರದ್ದೂ ಅದೇ, ಏಳನೇ ಕ್ಲಾಸಿನವರದ್ದೂ ಅದೇ. ಯಾವುದೋ ವಿಡಿಯೋ ಹಾಕಿ ‘ನೋಡ್ಕೊಂಡು ಬರೀರಿ’ ಅಂದಿದ್ದಾರೆ, ಮಕ್ಕಳು ಬರೆದಿದ್ದಾರೆ. ಟೋಪಿ ಹಾಕಿದವನಿಗೂ, ಪೇಟ ಸುತ್ತಿದವನಿಗೂ, ಎಲ್ರಿಗೂ ಒಂದೇ ಮೈಬಣ್ಣ. ಅದೇ ತಿಳಿ ಪೀಚ್.

ಮೊಮ್ಮಗಳು ತನ್ನ ಚಿತ್ರ ತೋರಿಸಿದ್ಲು. ‘ಇವರೆಲ್ಲ ಯಾರು ಪುಟ್ಟಿ, ನಿನ್ನ ಫ್ರೆಂಡ್ಸಾ?’ ಅಂದೆ. ‘ಇವರು ಯಾರೂ ಅಲ್ಲ ಅಜ್ಜಿ, ಇವರು ಡೈವರ್ಸಿಟಿ’ ಅಂದ್ಲು.

ಮಗುವಿನ ಮೇಲೆ ನನಗೆ ಚೂರೂ ಬೇಜಾರಿಲ್ಲ. ಅವಳು ಸತ್ಯವನ್ನೇ ಹೇಳಿದ್ದು. ಅವಳ ಕ್ಲಾಸಲ್ಲಿ ಮಣಿಪುರದಿಂದ ಬಂದ ಹುಡುಗ ಇದ್ದಾನೆ, ಕಿವಿಗೆ ಮಿಷನ್ ಹಾಕ್ಕೊಳ್ಳೋ ಹುಡುಗಿ ಇದ್ದಾಳೆ, ಮನೇಲಿ ತಮಿಳು ತೆಲುಗು ಉರ್ದು ಬಂಗಾಳಿ ಮಾತಾಡೋರು ಇದ್ದಾರೆ, ಅವಳೇ ಊಟದ ಹೊತ್ತಲ್ಲಿ ಇವರ ಡಬ್ಬಿಯಿಂದೆಲ್ಲ ತಿಂದು ಬಂದು ನನಗೆ ವರದಿ ಒಪ್ಪಿಸ್ತಾಳೆ. ಅವರಲ್ಲಿ ಒಬ್ಬರೂ ಆ ಗೋಡೆ ಮೇಲೆ ಇರ್ಲಿಲ್ಲ. ಪಕ್ಕದಲ್ಲೇ ಕೂತಿರೋರನ್ನ ಬಿಟ್ಟು ಎಲ್ಲೂ ಇಲ್ಲದ ನಾಲ್ಕು ಗೊಂಬೆಗಳನ್ನ ಬರೆಸಿ, ಕೆಳಗೆ ಡೈವರ್ಸಿಟಿ ಅಂತ ಲೇಬಲ್ ಅಂಟಿಸಿದ್ರೆ ಮಗು ಕಲಿಯೋದೇನು? ನೋಡಬೇಕಾಗಿಲ್ಲ ಅನ್ನೋದನ್ನ ಕಲಿಯುತ್ತೆ, ಅಷ್ಟೇ.

ನಾನು ಯಲ್ಲಾಪುರದ ಕಡೆ ಡ್ರಾಯಿಂಗ್ ಟೀಚರ್ ಆಗಿದ್ದು ನಿಮಗೆಲ್ಲ ಗೊತ್ತೇ ಇದೆ, ಹಂಗಾಗಿ ಇದು ನನಗೆ ಸಣ್ಣ ವಿಷಯ ಅಲ್ಲ. ಆ ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಹವ್ಯಕರ ಮನೆ ಮಗು, ಸಿದ್ದಿ ಮಗು, ಕುಣಬಿ ಮಗು, ದನ ಸಾಕೋ ಗೌಳಿಗರ ವಾಡೆಯಿಂದ ಕಾಡು ದಾರೀಲಿ ನಡ್ಕೊಂಡು ಬರೋ ಮಗು, ಎಲ್ಲಾ ಕೂತಿರ್ತಿದ್ವು. ಸಿದ್ದಿಗಳ ಬಗ್ಗೆ ಗೊತ್ತಿಲ್ಲದವರಿಗೆ ಹೇಳ್ತೀನಿ, ಪೋರ್ಚುಗೀಸರು ಮತ್ತೆ ಅರಬ್ ವ್ಯಾಪಾರಿಗಳ ಕಾಲದಲ್ಲಿ ಆಫ್ರಿಕಾದಿಂದ ಬಂದವರ, ಬಹಳಷ್ಟು ಮಟ್ಟಿಗೆ ಗುಲಾಮರಾಗಿ ತರಲ್ಪಟ್ಟವರ ಪೀಳಿಗೆ ಅದು. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಾಡಂಚಿನಲ್ಲಿ ತಲೆತಲಾಂತರದಿಂದ ಇದ್ದಾರೆ, ಉತ್ತರ ಕನ್ನಡದ ಸಿದ್ದಿಗಳನ್ನ ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ಅವರಲ್ಲೇ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಮೂರು ಧರ್ಮದ ಸಿದ್ದಿ ಹುಡುಗ್ರು ಒಟ್ಟಿಗೆ ಬಂದು ನಿಂತ್ರೆ ಟೋಪಿ-ಶಿಲುಬೆ-ಕುಂಕುಮದ ಲೆಕ್ಕದಲ್ಲಿ ಯಾರನ್ನ ಎಲ್ಲಿ ನಿಲ್ಲಿಸ್ತೀರಿ? ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ. ಗೂಗಲ್ಲಿಂದ ಇಳಿಸಿಕೊಂಡ ಆ ಚಿತ್ರದಲ್ಲಿ ಇಂಥ ಮಗುವಿಗೆ ಜಾಗ ಎಲ್ಲಿದೆ?

ಅಲ್ಲಿ ಒಂದಿನ ‘ನಮ್ಮ ಮನೆ’ ಅಂತ ಚಿತ್ರ ಬರೆಯೋಕೆ ಹೇಳಿದ್ದೆ. ಐದನೇ ಕ್ಲಾಸಿನ ಒಬ್ಬ ಸಿದ್ದಿ ಹುಡುಗಿ ಚೆಂದ ಬರೆದಿದ್ಲು, ಹೆಂಚಿನ ಮನೆ, ಅಂಗಳದಲ್ಲಿ ಕೋಳಿ, ಜಗಲಿ ಮೇಲೆ ಕೌದಿ ಹೊಲಿತಾ ಕೂತ ಅಜ್ಜಿ. ಕೌದಿಯ ಒಂದೊಂದು ತುಂಡಿಗೂ ಬೇರೆ ಬೇರೆ ಬಣ್ಣ, ಮೂಲೆಗೆ ಇಡೋ ಮಡಿಸಿದ ಬಟ್ಟೆಯ ಹೂವನ್ನೂ ಬಿಟ್ಟಿರ್ಲಿಲ್ಲ. ಅದನ್ನ ಅವರು ಫುಲಾ ಅಂತಾರೆ, ಹೂವಿಲ್ಲದೆ ಕೌದಿ ಮುಗಿಯೋದಿಲ್ಲ. ಇಷ್ಟೆಲ್ಲ ಬರೆದವಳು ಅಜ್ಜಿಯ ಮುಖ, ಕೈ, ಕಾಲಿಗೆ ಮಾತ್ರ ಬಣ್ಣವನ್ನೇ ಹಚ್ಚಿರ್ಲಿಲ್ಲ. ಹಾಳೆಯ ಬಿಳಿ ಹಂಗೇ ಇತ್ತು. ‘ಯಾಕೆ ಬಿಟ್ಟೆ?’ ಅಂದೆ. ‘ಅಕ್ಕೋರೇ, ಮೈಬಣ್ಣ ಖಾಲಿ ಆಗಿದೆ, ಅವಳ ಹತ್ರ ಇದೆ, ಕೊಡ್ತಾ ಇಲ್ಲ’ ಅಂದ್ಲು. ಡಬ್ಬಿಯಲ್ಲಿ ಕಂದು ಬಣ್ಣದ ಕಡ್ಡಿ ಇಡಿಯಾಗಿ ಬಿದ್ದಿತ್ತು, ಅದರ ತುದಿ ಸಹ ಸವೆದಿರ್ಲಿಲ್ಲ. ಅದು ಮರದ ಕಾಂಡಕ್ಕೆ ಅಂತ ಅವಳಿಗೆ ಯಾರೋ ಹೇಳಿಕೊಟ್ಟಿದ್ರು. ಅಜ್ಜಿಗೆ ಅದನ್ನ ಹಚ್ಚಬಹುದು ಅಂತ ಯಾರೂ ಹೇಳಿರ್ಲಿಲ್ಲ.

ಆಮೇಲಿಂದ ಪ್ರತಿ ವರ್ಷ ಶಾಲೆ ಶುರುವಾದ ಕೂಡಲೇ ನಾನು ಮಾಡಿಸ್ತಿದ್ದ ಮೊದಲ ಪಾಠ ಕೈ ಬಣ್ಣದ್ದು. ಹಾಳೆ ಮೇಲೆ ಎಡಗೈ ಇಟ್ಟು ಸುತ್ತ ಪೆನ್ಸಿಲ್ಲಲ್ಲಿ ಗೆರೆ ಎಳೀಬೇಕು. ಪ್ಲೇಟಿಗೆ ಬರ್ಂಟ್ ಸಿಯೆನ್ನಾ ಅನ್ನೋ ಕೆಂಗಂದು, ಯೆಲ್ಲೋ ಓಕರ್ ಅನ್ನೋ ಮಣ್ಣಿನ ಹಳದಿ, ಬಿಳಿ, ಒಂದು ಚೂರು ಕೆಂಪು ಹಾಕಿಕೊಂಡು, ಕಲಸಿದ ಬಣ್ಣವನ್ನ ಮುಂಗೈ ಮೇಲೆ ಒಂದು ಚುಕ್ಕೆ ಇಟ್ಟು ನೋಡಬೇಕು. ಚುಕ್ಕೆ ಕಾಣಿಸಿದ್ರೆ ಬಣ್ಣ ಇನ್ನೂ ಸರಿಹೋಗಿಲ್ಲ ಅಂತ, ಮತ್ತೆ ಕಲಸಬೇಕು. ಚುಕ್ಕೆ ಮೈಯಲ್ಲಿ ಕರಗಿ ಕಾಣದಂಗಾದಾಗ ಆ ಬಣ್ಣ ಅವರದ್ದು. ಹುಡುಗ್ರು ಅಷ್ಟು ಸದ್ದಿಲ್ಲದೆ ಕೆಲಸ ಮಾಡೋದನ್ನ ನಾನು ಬೇರೆ ಯಾವ ಕ್ಲಾಸಲ್ಲೂ ನೋಡಿಲ್ಲ. ಕಪ್ಪು ಮೈಯವರು ಸಿಯೆನ್ನಾಗೆ ನೀಲಿ ಸೇರಿಸಿದ್ರೆ ಎಂಥ ಆಳವಾದ ಬಣ್ಣ ಬರುತ್ತೆ ಅಂತ ಕಂಡುಹಿಡೀತಿದ್ರು. ಬೆಳ್ಳಗಿದ್ದೀವಿ ಅಂದ್ಕೊಂಡಿದ್ದ ಮಕ್ಕಳು ಬಿಳಿ ಹಾಕಿ ಹಾಕಿ ಸುಸ್ತಾಗಿ ಕೊನೆಗೆ ಓಕರ್ ಸುರಿದುಕೊಳ್ತಿದ್ರು. ಗೆಣ್ಣಿನ ಹತ್ರ ಒಂದು ಬಣ್ಣ, ಉಗುರ ಬುಡದಲ್ಲಿ ಇನ್ನೊಂದು, ಅಂಗೈ ಬೇರೆಯೇ. ಒಬ್ಬರದ್ದು ಇನ್ನೊಬ್ಬರಿಗೆ ಹೊಂದ್ತಿರ್ಲಿಲ್ಲ, ಅಣ್ಣ ತಮ್ಮಂದಿರದ್ದೂ ಹೊಂದ್ತಿರ್ಲಿಲ್ಲ. ಭಾಷಣ ಒಂದೂ ಬೇಕಾಗಿರ್ಲಿಲ್ಲ ಅಲ್ಲಿ. ‘ಸ್ವಲ್ಪ ನಿನ್ ಬಣ್ಣ ಕೊಡೇ, ನನ್ನ ಅಜ್ಜಿಗೆ ಬೇಕು’ ಅಂತ ಒಬ್ಬರಿಗೊಬ್ಬರು ಕೇಳೋ ತನಕ ಬರ್ತಿತ್ತು.

ಇದೇನು ನಾನು ಕಂಡುಹಿಡಿದ ಹೊಸ ವಿದ್ಯೆ ಅಲ್ಲ. ಅಮೆರಿಕದಲ್ಲಿ 1940ರ ದಶಕದಲ್ಲೇ ಕೆನೆತ್ ಕ್ಲಾರ್ಕ್, ಮೇಮಿ ಕ್ಲಾರ್ಕ್ ಅಂತ ಗಂಡ ಹೆಂಡತಿ, ಇಬ್ಬರೂ ಮನಃಶಾಸ್ತ್ರಜ್ಞರು, ಕಪ್ಪು ಮಕ್ಕಳ ಮುಂದೆ ಬಿಳಿ ಗೊಂಬೆ, ಕಂದು ಗೊಂಬೆ ಇಟ್ಟು ಯಾವುದು ಚೆಂದ ಅಂತ ಕೇಳಿದ್ರು, ಬಹಳಷ್ಟು ಮಕ್ಕಳು ಬಿಳಿ ಗೊಂಬೆ ತೋರಿಸಿದ್ವು. ಅದು ಎಲ್ರಿಗೂ ಗೊತ್ತು, 1954ರಲ್ಲಿ ಶಾಲೆಗಳಲ್ಲಿ ಬಿಳಿಯರು-ಕರಿಯರು ಅಂತ ಬೇರೆ ಮಾಡೋದನ್ನ ಅಲ್ಲಿನ ಸುಪ್ರೀಂ ಕೋರ್ಟ್ ತಪ್ಪು ಅಂದಾಗ ಕ್ಲಾರ್ಕ್ ಅವರ ಕೆಲಸವನ್ನೂ ಉಲ್ಲೇಖಿಸ್ತು. ಕಡಿಮೆ ಜನಕ್ಕೆ ಗೊತ್ತಿರೋದು, ಅವರು ಮಕ್ಕಳ ಕೈಗೆ ಕ್ರೆಯಾನ್ ಕೊಟ್ಟು ನಿನ್ನದೇ ಬಣ್ಣ ಹಚ್ಚು ಅಂತಲೂ ಹೇಳಿದ್ರು. ಎಷ್ಟೋ ಮಕ್ಕಳು ತಾವಿರೋದಕ್ಕಿಂತ ತಿಳಿ ಬಣ್ಣ ಹಚ್ಚಿದ್ವು. ಕ್ರೆಯಾನ್ ಮಾಡೋ ಅಲ್ಲಿನ ಕ್ರೆಯೋಲಾ ಕಂಪನಿ ತನ್ನ ಪೀಚ್ ಕಡ್ಡಿಯನ್ನ ‘ಮೈಬಣ್ಣ’ ಅಂತ ಮಾರೋದನ್ನ 1962ರಲ್ಲೇ ನಿಲ್ಲಿಸ್ತು, 2020ರಲ್ಲಿ 24 ಮೈಬಣ್ಣಗಳ ಡಬ್ಬಿಯನ್ನೇ ಬಿಟ್ಟಿತು. ಇವತ್ತು ಬೆಂಗಳೂರಲ್ಲಿ, ಕಂದು ಮೈಯ ಮಕ್ಕಳೇ ತುಂಬಿರೋ ಸ್ಕೂಲಲ್ಲಿ, ಇನ್‌ಕ್ಲೂಷನ್ ಅನ್ನೋ ಬೋರ್ಡಿನ ಕೆಳಗೆ, ಒಂದೇ ಒಂದು ಕಂದು ಮುಖ ಇರ್ಲಿಲ್ಲ. ನನಗೆ ಕಣ್ಣಲ್ಲಿ ನೀರು ಬಂತು ಅಂದ್ರೆ ನಂಬಿ.

ಇನ್ನು ಆ ವೀಲ್‌ಚೇರ್ ವಿಷಯ. ಪ್ರತಿ ಚಿತ್ರದಲ್ಲೂ ಮೂಲೆಗೊಂದು ವೀಲ್‌ಚೇರ್ ಇತ್ತು, ಎಕ್ಸಿಬಿಷನ್ ಇದ್ದಿದ್ದು ಎರಡನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ, ರ‍್ಯಾಂಪ್ ಇಲ್ಲ. ಕಾಲಿಗೆ ಆಸರೆಯ ಪಟ್ಟಿ, ಕ್ಯಾಲಿಪರ್ ಹಾಕಿರೋ ಒಬ್ಬ ಹುಡುಗನನ್ನ ಅವನ ಅಪ್ಪ ಎತ್ಕೊಂಡು ಮೆಟ್ಟಿಲು ಹತ್ತುತ್ತಾ ಇದ್ರು, ಅವನಿಗೆ ಹತ್ತು ವರ್ಷ ಇರಬಹುದು, ನಾಚಿಕೆಯಿಂದ ಅಪ್ಪನ ಭುಜದಲ್ಲಿ ಮುಖ ಹುದುಗಿಸಿಕೊಂಡಿದ್ದ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯವನ್ನ ಗುರುತಿಸುತ್ತೆ, ಕಿವಿ ಕೇಳಿಸದಿರೋದು, ಆಟಿಸಂ, ಕಲಿಕಾ ತೊಂದರೆ, ಥಲಸ್ಸೀಮಿಯಾ ಎಲ್ಲಾ ಅದರಲ್ಲಿದೆ, ಶಾಲೆಯ ಕಟ್ಟಡಕ್ಕೆ ಎಲ್ಲಾ ಮಕ್ಕಳೂ ಹೋಗಿಬರೋ ಹಾಗೆ ಇರಬೇಕು ಅಂತಲೂ ಹೇಳುತ್ತೆ. ಚಿತ್ರದಲ್ಲಿ ನಗ್ತಾ ಕೂತಿರೋ ಆ ಮಗುವಿಗಿಂತ ಮೊದಲು ಈ ಹುಡುಗನನ್ನ ಕೇಳಬೇಕಿತ್ತು, ‘ನಿನ್ನ ಸ್ಕೂಲಿನ ಚಿತ್ರ ಬರಿ, ಎಲ್ಲೆಲ್ಲಿ ನಿನಗೆ ಹೋಗೋಕಾಗಲ್ಲ ತೋರಿಸು’ ಅಂತ. ಆ ಒಂದು ಚಿತ್ರ ಪ್ರಿನ್ಸಿಪಾಲರ ರೂಮಿನ ಹೊರಗೆ ಹಾಕಿದ್ರೆ ಸಾಕಿತ್ತು, ಎಕ್ಸಿಬಿಷನ್ನೇ ಬೇಕಾಗಿರ್ಲಿಲ್ಲ.

ಮಗನ ಹತ್ರ ಕಾರಲ್ಲೇ ಇದನ್ನೆಲ್ಲ ಹೇಳ್ದೆ. ‘ಅಮ್ಮಾ, ಪಾಪ ಟೀಚರ್ಸು ಏನೋ ಒಂದು ಮಾಡ್ತಿದ್ದಾರಲ್ಲ, ಇದೂ ಇಲ್ದಿದ್ರೆ?’ ಅಂದ. ಈ ಮಾತನ್ನ ನಾನು ಒಪ್ಪಲ್ಲ. ಇದೂ ಇಲ್ದಿದ್ರೆ ಮಕ್ಕಳು ತಮ್ಮಷ್ಟಕ್ಕೆ ಡಬ್ಬಿ ಹಂಚಿಕೊಂಡು ತಿಂತಿದ್ರು, ಅದರಲ್ಲೇ ಹೆಚ್ಚು ಕಲೀತಿದ್ರು. ಸೊಸೆ ಹೇಳಿದ್ದರಲ್ಲಿ ಅರ್ಥ ಇದೆ. ‘ಅತ್ತೆ, ಪಕ್ಕದವರನ್ನ ನೋಡಿ ಬರೀರಿ ಅಂದ್ರೆ ಒಂದು ಮಗುವನ್ನ ಎತ್ತಿ ತೋರಿಸಿದಂಗಾಗಲ್ವಾ, ಆಮೇಲೆ ಆ ಮಗುವಿಗೆ ಅಡ್ಡಹೆಸರು ಬಿದ್ರೆ?’ ಅಂದ್ಲು. ಬೀಳುತ್ತೆ, ಬಿದ್ದಿದ್ದನ್ನ ನಾನು ನೋಡಿದ್ದೀನಿ. ಅದಕ್ಕೇ ಮೊದಲು ಸ್ವಂತ ಕೈ, ಸ್ವಂತ ಅಡುಗೆಮನೆ, ಸ್ವಂತ ಅಜ್ಜಿ. ತಾನು ಏನು ತೋರಿಸಬೇಕು ಅನ್ನೋದನ್ನ ಮಗುವೇ ತೀರ್ಮಾನ ಮಾಡ್ಬೇಕು. ಮನೆಯಿಂದ ಸಂಪ್ರದಾಯದ ಡ್ರೆಸ್ ಹಾಕ್ಕೊಂಡು ಬಾ, ನಿಮ್ಮ ಜನಾಂಗದ ಬಗ್ಗೆ ಮಾತಾಡು ಅಂತ ಯಾವ ಮಗುವನ್ನೂ ಸ್ಟೇಜ್ ಹತ್ತಿಸಬಾರದು. ಇದನ್ನೆಲ್ಲ ಗಮನಿಸೋಕೆ ಮಕ್ಕಳ ಹೆಸರು ಗೊತ್ತಿರೋ ಒಬ್ಬ ಡ್ರಾಯಿಂಗ್ ಟೀಚರ್ ಬೇಕು. ಎಷ್ಟು ಶಾಲೇಲಿ ಇದ್ದಾರೆ ಹೇಳಿ? ಡ್ರಾಯಿಂಗ್ ಪಿರಿಯಡ್ ಅಂದ್ರೆ ಗಣಿತದ ಪೋರ್ಶನ್ ಮುಗಿಸೋಕೆ ಸಿಗೋ ಪಿರಿಯಡ್. ಹತ್ತನೇ ಕ್ಲಾಸಿನ ತನಕ ಕಲೆ ಒಂದು ವಿಷಯವಾಗಿ ಇರಬೇಕು ಅಂತ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಲ್ಲೇ ಬರೆದಿದ್ರು.

ಸಿಬಿಎಸ್‌ಇಯವರು 2020-21ರಿಂದ ಕಲೆ ಸೇರಿಸಿ ಪ್ರಾಜೆಕ್ಟ್ ಮಾಡ್ಬೇಕು ಅಂತ ಕಡ್ಡಾಯ ಮಾಡಿದ್ದು ನೆನಪಿದೆ ಅಲ್ವಾ, ‘ಏಕ್ ಭಾರತ್ ಶ್ರೇಷ್ಠ್ ಭಾರತ್’ ಯೋಜನೆಯಲ್ಲಿ ನಮ್ಮ ರಾಜ್ಯಕ್ಕೆ ಜೋಡಿ ಮಾಡಿರೋ ರಾಜ್ಯದ ಕಲೆ ಬಳಸಿ ಅಂತ. ನಮ್ಮ ಕರ್ನಾಟಕಕ್ಕೆ ಜೋಡಿ ಉತ್ತರಾಖಂಡ. ಒಳ್ಳೇ ಯೋಚನೆ ಅದು, ನಾನು ಮನಸಾರೆ ಮೆಚ್ಚಿದ್ದೆ. ಈ ಎಕ್ಸಿಬಿಷನ್ನಲ್ಲೂ ಒಂದು ಗೋಡೆ ಪೂರ್ತಿ ಆ ಉತ್ತರಾಖಂಡದ ಕುಮಾವೂಂ ಕಡೆಯ ಐಪಣ್ ಇತ್ತು. ಕೆಮ್ಮಣ್ಣು ಸಾರಿಸಿದ ನೆಲದ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಹೆಂಗಸರು ಬೆರಳಿನಿಂದ ಬರೆಯೋ ಚಿತ್ತಾರ ಅದು. ಇಲ್ಲಿ ಕೆಂಪು ಚಾರ್ಟ್ ಪೇಪರ್, ವೈಟ್ನರ್ ಪೆನ್ನು, ನೆಟ್ಟಿನಿಂದ ತೆಗೆದ ಡಿಸೈನು. ಕೆಮ್ಮಣ್ಣು, ಅಕ್ಕಿ ಹಿಟ್ಟು ಅಂದಕೂಡಲೇ ನಿಮಗೆ ಏನು ನೆನಪಾಯ್ತು? ನಮ್ಮ ಸಾಗರ, ಸೊರಬದ ದೀವರು ಸಮುದಾಯದವರ ಮನೆಯ ಹಸೆ ಚಿತ್ತಾರ! ಅಲ್ಲೂ ಗೋಡೆಗೆ ಕೆಮ್ಮಣ್ಣು, ಅಕ್ಕಿ ಅರೆದ ಬಿಳಿ, ಹುರಿದು ಕಪ್ಪಾಗಿಸಿದ ಅಕ್ಕಿಯಿಂದ ಕಪ್ಪು, ಗುರಿಗೆ ಬೀಜದಿಂದ ಹಳದಿ, ಪುಂಡಿ ನಾರಿನ ಕುಂಚ, ಬರೆಯೋರು ಅಲ್ಲೂ ಹೆಂಗಸರೇ. ಹಿಮಾಲಯದ ತಪ್ಪಲಿನ ಹೆಂಗಸು, ಮಲೆನಾಡಿನ ಹೆಂಗಸು ಒಬ್ಬರ ಮುಖ ಒಬ್ಬರು ನೋಡದೆ ಒಂದೇ ಸಾಮಾನು ಕೈಗೆತ್ತಿಕೊಂಡಿದ್ದಾರಲ್ಲ, ಇದನ್ನ ಮಕ್ಕಳಿಗೆ ತೋರಿಸಿದ್ರೆ ಸಾಕಲ್ವಾ, ಬೇರೆ ಪಾಠ ಯಾಕೆ ಬೇಕು? ಆ ಕ್ಲಾಸಲ್ಲಿ ಸಾಗರದ ಕಡೆಯ ಮಗು ಇದ್ಯಾ ಅಂತ ಟೀಚರನ್ನ ಕೇಳಿದೆ. ಗೊತ್ತಿಲ್ಲ ಮೇಡಂ ಅಂದ್ರು, ಹೊಸಬರು, ಪಾಪ, ಐದು ಸೆಕ್ಷನ್ ನೋಡ್ಕೊಳ್ತಾರಂತೆ. ಅವರನ್ನ ನಾನು ಬೈತಿಲ್ಲ.

ಬೈಬೇಕಾದ್ದು ಇನ್ನೊಂದಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದಾಗ ಖಾಸಗಿ ಶಾಲೆಗಳಲ್ಲಿ ಶೇಕಡಾ 25 ಸೀಟು ಬಡ, ಹಿಂದುಳಿದ ಮನೆ ಮಕ್ಕಳಿಗೆ ಅಂತ ಆಯ್ತು. ಆಟೋ ಓಡಿಸೋರ ಮಗು, ಗಾರೆ ಕೆಲಸದವರ ಮಗು, ಸಾಫ್ಟ್‌ವೇರಿನವರ ಮಗು ಒಂದೇ ಕ್ಲಾಸಲ್ಲಿ ಕೂರೋಕೆ ಶುರುವಾಗಿತ್ತು. ನಮ್ಮ ರಾಜ್ಯದಲ್ಲಿ 2019ರಲ್ಲಿ ನಿಯಮ ಬದಲಾಯಿಸಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ರೆ ಖಾಸಗಿ ಶಾಲೆಯಲ್ಲಿ ಆ ಸೀಟು ಇಲ್ಲ ಅಂದ್ರು. ಬೆಂಗಳೂರಂಥ ಊರಲ್ಲಿ ಸರ್ಕಾರಿ ಶಾಲೆ ಹತ್ತಿರದಲ್ಲಿ ಇಲ್ಲದಿರೋ ಜಾಗ ಎಷ್ಟಿದೆ? ಆಗ ಎಷ್ಟು ಜನ ಅಪ್ಪ ಅಮ್ಮಂದಿರು ಸದ್ಯ ಪೀಡೆ ಕಳೀತು ಅಂದಿದ್ದನ್ನ ನಾನು ಈ ಕಿವಿಯಲ್ಲೇ ಕೇಳಿದ್ದೀನಿ. ಅದೇ ಜನ ಇವತ್ತು ಆ ಕಾರಿಡಾರಲ್ಲಿ ನಿಂತು ಕೈ ಕೈ ಹಿಡಿದ ಮಕ್ಕಳ ಚಿತ್ರದ ಮುಂದೆ ಸೆಲ್ಫಿ ತಗೊಳ್ತಿದ್ರು. ಮಕ್ಕಳನ್ನ ಬಾಗಿಲಲ್ಲೇ ತಡೆದು ಅವರ ಚಿತ್ರವನ್ನ ಗೋಡೆಗೆ ಹಾಕೋದು ನನ್ನ ಕೈಲಿ ಸಹಿಸೋಕಾಗಲ್ಲ, ನನ್ನನ್ನ ಯಾರು ಏನಾದ್ರೂ ಅನ್ಲಿ.

ನಾಳೆ ಬೆಳಗ್ಗೆ ಪ್ರಿನ್ಸಿಪಾಲರಿಗೆ ಪತ್ರ ಕೊಡ್ತೀನಿ, ಮುಂದಿನ ಎಕ್ಸಿಬಿಷನ್ ಗ್ರೌಂಡ್ ಫ್ಲೋರಲ್ಲಿ ಮಾಡಿ ಅಂತ, ಸ್ಯಾಂಪಲ್ ಚಿತ್ರ ಬೇಡ ಅಂತ. ಮನೇಲಿ ಪುಟ್ಟ ಮಕ್ಕಳಿರೋರು ಯಾರಾದ್ರೂ ಓದ್ತಿದ್ರೆ ಈ ಭಾನುವಾರ ಪೋಸ್ಟರ್ ಕಲರ್ ತಂದು ಕೈ ಬಣ್ಣ ಮಾಡಿಸಿ ನೋಡಿ, ಕಪ್ಪು ಬಾಟಲಿಯನ್ನ ಮಾತ್ರ ಎತ್ತಿಡಿ, ಅದು ಬಣ್ಣ ಮಂಕು ಮಾಡುತ್ತೆ, ಗಾಢ ಬೇಕಿದ್ರೆ ನೀಲಿ ಹಾಕಿ. ಇನ್ನು ಬೆಂಗಳೂರಲ್ಲಿ ಯಾವ ಶಾಲೆಯವರು ಕರೆದ್ರೂ, ಸರ್ಕಾರಿ ಶಾಲೆಯವರು ಕರೆದ್ರಂತೂ ಇನ್ನೂ ಖುಷಿ, ಶನಿವಾರ ಬೆಳಗ್ಗೆ ಬಂದು ಈ ಪಾಠ ಮಾಡಿಕೊಡ್ತೀನಿ. ದುಡ್ಡು ಬೇಡ, ಬಣ್ಣ ನಾನೇ ತರ್ತೀನಿ, ಹಾಳೆ ಮತ್ತೆ ನೀರು ನೀವು ಕೊಡಿ. ಪ್ರೈಜ್ ಇಡೋ ಹಾಗಿಲ್ಲ, ಅದೊಂದು ಕಂಡೀಷನ್. ಇನ್‌ಬಾಕ್ಸಿಗೆ ಬನ್ನಿ.