ಸರ್ಕಾರಿ ಖರ್ಚಿನ ಬಂಡಾಯ

ಬಂಡಾಯಗಾರರಿಗೆ ಇಷ್ಟು ಅನುಕೂಲ ಇನ್ನೆಲ್ಲೂ ಸಿಕ್ಕಿರಲಾರದು. 1966ರ ಚೀನಾದಲ್ಲಿ ಸಾಂಸ್ಕೃತಿಕ ಕ್ರಾಂತಿ ಶುರುವಾದಾಗ ಪಾಠ ಬಂದ್, ಕಾಲೇಜು ಪ್ರವೇಶ ಪರೀಕ್ಷೆ ರದ್ದು, ಬೀಜಿಂಗಿಗೆ ರೈಲು ಪುಕ್ಕಟೆ. ವಿದ್ಯಾರ್ಥಿಗಳಿಗೆ ಅಡ್ಡ ಹೋಗಕೂಡದೆಂದು ಪೊಲೀಸರಿಗೆ ಆದೇಶ ಬೇರೆ. ‘ಬಂಡಾಯ ಏಳುವುದು ನ್ಯಾಯವೇ’ ಎಂದು ಸ್ವತಃ ದೇಶದ ಸರ್ವೋಚ್ಚ ನಾಯಕ ಮಾವೋ ಹೇಳಿಯಾಗಿತ್ತು. ಯಾರ ವಿರುದ್ಧ ಏಳಬೇಕು? ಅದನ್ನೂ ಅವರೇ ಹೇಳುತ್ತಿದ್ದರು. ಮಕ್ಕಳಿಗೆ ಆ ತೊಂದರೆಯೂ ಇರಲಿಲ್ಲ.

ಆಗಸ್ಟ್ 18ರಂದು ಟಿಯಾನನ್‌ಮೆನ್ ಚೌಕದಲ್ಲಿ ಸುಮಾರು ಹತ್ತು ಲಕ್ಷ ಜನ ಸೇರಿದರು. ನವೆಂಬರ್ ಮುಗಿಯುವುದರೊಳಗೆ ಮಾವೋರ ಇಂಥ ಎಂಟು ದರ್ಶನ, ಒಟ್ಟು ಕೋಟಿಗೂ ಮೀರಿದ ರೆಡ್ ಗಾರ್ಡುಗಳು, ಅಂದರೆ ಮಾವೋರ ಹೆಸರಲ್ಲಿ ಬಂಡೆದ್ದ ವಿದ್ಯಾರ್ಥಿಗಳು. ಎಲ್ಲರ ತೋಳಲ್ಲೂ ಕೆಂಪು ಪಟ್ಟಿ, ಕೈಯಲ್ಲಿ ಮಾವೋರ ನುಡಿಗಳ ಕೆಂಪು ಪುಸ್ತಕ, ಬಾಯಲ್ಲಿ ಒಂದೇ ಘೋಷಣೆ. ಹಳೇ ವಿಚಾರ, ಹಳೇ ಸಂಸ್ಕೃತಿ, ಹಳೇ ಆಚಾರ, ಹಳೇ ಅಭ್ಯಾಸ ಎಲ್ಲವನ್ನೂ ಒಡೆದು ಹಾಕಲು ಹೊರಟವರಲ್ಲಿ ಹೆಚ್ಚು ಗತ್ತು ಯಾರಿಗೆ ಗೊತ್ತೇ? ಅಪ್ಪನ ಹಳೇ ಮಿಲಿಟರಿ ಅಂಗಿ ತೊಟ್ಟವರಿಗೆ. ಮೊದಮೊದಲು ಗುಂಪಿಗೆ ಸೇರಿಸಿಕೊಳ್ಳುತ್ತಿದ್ದುದೂ ಅಪ್ಪ ಯಾರೆಂದು ನೋಡಿಯೇ. ಅಪ್ಪ ವೀರನಾದರೆ ಮಗ ಶೂರ, ಅಪ್ಪ ಪ್ರತಿಗಾಮಿಯಾದರೆ ಮಗ ನೀಚ ಎಂದು ದ್ವಿಪದಿಯನ್ನೇ ಹೊಸೆದಿದ್ದರು. (ಹುಟ್ಟಿನಿಂದಲೇ ಯೋಗ್ಯತೆ ಅಳೆಯುವ ಈ ವಿದ್ಯೆಗೆ ನಮ್ಮ ಕಡೆಯಿಂದ ಯಾರೂ ರಾಯಧನ ಕೇಳಲಿಲ್ಲವಲ್ಲ, ಅದೇ ಆಶ್ಚರ್ಯ.)

ಸಿಗ್ನಲ್ ದೀಪವನ್ನೂ ಬಿಡಲಿಲ್ಲ. ಕೆಂಪು ಕ್ರಾಂತಿಯ ಬಣ್ಣ, ಕೆಂಪು ಕಂಡು ನಿಲ್ಲುವುದೆಂದರೇನು? ಇನ್ನು ಮುಂದೆ ಕೆಂಪಿಗೆ ಹೋಗಬೇಕು, ಹಸಿರಿಗೆ ನಿಲ್ಲಬೇಕು ಎಂದರು. ಪ್ರಧಾನಿ ಚೌ ಎನ್‌ಲಾಯ್ ಹೇಗೋ ಸಮಾಧಾನ ಮಾಡಿ ತಪ್ಪಿಸಿದರು. ಇದು ಹುಚ್ಚು ಎಂದು ಆ ಗುಂಪಿನಲ್ಲಿ ಒಬ್ಬರಿಗಾದರೂ ಅನಿಸಿರಲೇಬೇಕು. ಆದರೆ ಪಕ್ಕದವನು ಕೂಗುತ್ತಿರುವಾಗ ಸುಮ್ಮನಿದ್ದವನ ಮೇಲೆ ಎಲ್ಲರ ಕಣ್ಣು. ಹಾಗಾಗಿ ಅನುಮಾನ ಬಂದವನೇ ಒಂದು ಪಟ್ಟು ಜೋರಾಗಿ ಕೂಗಬೇಕು.

ಕೂಗಿಗೇ ನಿಂತಿದ್ದರೆ ನಕ್ಕು ಬಿಡಬಹುದಿತ್ತು. ಬೀಜಿಂಗಿನ ಹೆಣ್ಣುಮಕ್ಕಳ ಶಾಲೆಯೊಂದರ ಉಪ ಪ್ರಾಂಶುಪಾಲೆ ಬಿಯಾನ್ ಝಾಂಗ್‌ಯುನ್ ಅವರನ್ನು ಆಗಸ್ಟ್ 5ರಂದು ಅವರದೇ ವಿದ್ಯಾರ್ಥಿನಿಯರು ಹೊಡೆದು ಕೊಂದರು. ಆ ಆಗಸ್ಟ್, ಸೆಪ್ಟೆಂಬರಿನಲ್ಲಿ ಬೀಜಿಂಗ್ ಒಂದರಲ್ಲೇ ಸತ್ತವರು 1,772 ಮಂದಿ ಎಂಬುದು ಸರ್ಕಾರದ್ದೇ ಲೆಕ್ಕ.

1968ರ ಹೊತ್ತಿಗೆ ಮಾವೋರ ನಿಜವಾದ ಭಕ್ತರು ಯಾರೆಂದು ಸಿಂಘುವಾ ವಿಶ್ವವಿದ್ಯಾಲಯದಲ್ಲಿ ಭಕ್ತರ ನಡುವೆಯೇ ಭರ್ಜಿ ಹಿಡಿದು ಕಾದಾಟ. ಬಿಡಿಸಲು ಸಾವಿರಾರು ಕಾರ್ಮಿಕರು ಬಂದರು; ಹುಡುಗರು ಅವರಲ್ಲೂ ಐವರನ್ನು ಕೊಂದರು. ಇವರನ್ನು ನಮ್ಮ ಮೇಲೆ ಛೂ ಬಿಟ್ಟ ಕಾಣದ ಕೈ ಯಾವುದೆಂದು ಹುಡುಗರ ನಾಯಕರು ಹುಡುಕುತ್ತಿದ್ದಾಗ ಮಾವೋ ಕರೆಸಿ ಹೇಳಿದರು: ಅದು ನನ್ನದೇ.

ಮುಂದಿನ ವಾರ ಅವರಿಗೆ ಪಾಕಿಸ್ತಾನದಿಂದ ಮಾವಿನಹಣ್ಣು ಉಡುಗೊರೆ ಬಂತು. ಅದನ್ನು ಕಾರ್ಮಿಕರಿಗೆ ಕಳಿಸಿದರು. ಮಾವನ್ನೇ ಕಾಣದ ಆ ಜನ ತಿನ್ನದೆ ಪೂಜಿಸಿದರು. ಒಂದು ಕಾರ್ಖಾನೆಯಲ್ಲಿ ಹಣ್ಣು ಕೊಳೆಯತೊಡಗಿದಾಗ ಹಂಡೆ ನೀರಲ್ಲಿ ಬೇಯಿಸಿ ತಲೆಗೊಂದು ಚಮಚ ತೀರ್ಥ ಕೊಟ್ಟರು. ಆಮೇಲೆ ಮೇಣದ ಮಾವು, ಗಾಜಿನ ಪೆಟ್ಟಿಗೆ, ಮೆರವಣಿಗೆ.

ಹುಡುಗರಿಗೆ ಸಿಕ್ಕಿದ್ದು ಹಳ್ಳಿ. ಡಿಸೆಂಬರಿನಲ್ಲಿ ಅಪ್ಪಣೆಯಾಯಿತು: ಓದಿದ ಯುವಕರೆಲ್ಲ ಬಡ ರೈತರಿಂದ ಮರುಶಿಕ್ಷಣ ಪಡೆಯಬೇಕು. ಲಕ್ಷಲಕ್ಷ ಮಂದಿ ಗಂಟುಮೂಟೆ ಕಟ್ಟಿದರು. ಗುದ್ದಲಿ ಹಿಡಿಯಲು ಬಾರದ ಇವರಿಗೆ ಇನ್ನು ನೀವೇ ಮೇಷ್ಟ್ರು ಅನ್ನಿಸಿಕೊಂಡ ರೈತರಿಗೆ, ಹಿಂದಿನ ಮೇಷ್ಟ್ರುಗಳಿಗೆ ಏನಾಗಿತ್ತೆಂದು ಯಾರಾದರೂ ಹೇಳಿದ್ದರೋ ಇಲ್ಲವೋ.